ಟೌನ್ ಸೆಂಟರಿಗೆ ಹೋಗುವ ದಾರಿ

ಮೇ ತಿಂಗಳ ರಜೆಗೆ ನಾನು ಹೋಗಿದ್ದು ಶಿರಸಿಯ ಅಕ್ಕನ ಮನೆಗೆ. ಆದರೆ ಈ ಕಥನ ಶಿರಸಿಯದ್ದಲ್ಲ. ಯಾಣದ ಬಂಡೆಗಳಾಗಲಿ, ಸಹಸ್ರಲಿಂಗದ ಹೊಳೆಯಾಗಲಿ ಇದರಲ್ಲಿ ಬರುವುದಿಲ್ಲ. ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನೊಳಗೆ ನೋಡಿಬಂದ ಊರುಗಳ ಕಥೆ ಇದು. ಅಳೆದರೆ ಒಂದು ಮಾರು ದೂರವೂ ಇಲ್ಲ. ಬೆರಳು ಕೀ ಮೇಲೆ ಬಿದ್ದು ಪರದೆಯಲ್ಲಿ ಏನೋ ಅಲುಗುವಷ್ಟರಲ್ಲಿ ಮುಗಿದುಹೋಗುವ ಪಯಣ. ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಎದುರು ಬಾಯಿಬಿಟ್ಟು ನಿಂತಿದ್ದಕ್ಕಿಂತ ಹೆಚ್ಚು ಹೊತ್ತು ಇಲ್ಲಿ ನಿಂತಿದ್ದೇನೆ ಎಂದರೆ ನಗಬೇಡಿ.

ಹೊರಡಿಸಿದವನು ಅಕ್ಕನ ಮಗ. ಎಲ್ಲಿಂದಲೋ ‘ಏಜ್ ಆಫ್ ಎಂಪೈರ್ಸ್ 2’ ಹುಡುಕಿ ತಂದಿದ್ದ. 1999ರ ಆಟ, ಅವನಿಗಿಂತ ಹಳೆಯದು. ಮನೆಯ ವೈಫೈನಲ್ಲೇ ನಾವಿಬ್ಬರೂ ಎದುರುಬದುರಾಗಿ ಆಡಬೇಕು ಎಂಬುದು ಅವನ ಹಟ. ಆಟ ವಿಂಡೋಸಿನದು, ನಮ್ಮಿಬ್ಬರ ಲ್ಯಾಪ್‌ಟಾಪಿನಲ್ಲೂ ಇರುವುದು ಉಬುಂಟು ಲಿನಕ್ಸ್. ನಡುವೆ ದೋಣಿ ದಾಟಿಸಲು ‘ವೈನ್’ ಎಂಬ ತಂತ್ರಾಂಶ ಇದೆ. ಅದರ ಮೂಲಕ ಆಟ ತೆರೆಯಿತು, ಸಂಗೀತ ಮೊಳಗಿತು, ಮೌಸ್ ಸಲೀಸಾಗಿ ಓಡಾಡಿತು. ನನ್ನ ಯಂತ್ರದಲ್ಲಿ ಎಚ್ ಕೀ ಮಾತ್ರ ಸತ್ತಂತಿತ್ತು. ಆಡಿದವರಿಗೆ ಗೊತ್ತು, ನಕ್ಷೆಯ ಯಾವ ಮೂಲೆಯಲ್ಲಿ ಅಲೆಯುತ್ತಿದ್ದರೂ ಎಚ್ ಒತ್ತಿದರೆ ನೇರ ನಮ್ಮ ಊರಿಗೆ, ಟೌನ್ ಸೆಂಟರಿಗೆ ಬಂದು ಬೀಳುತ್ತೇವೆ. ಅದಿಲ್ಲದೆ ಆಡುವುದೆಂದರೆ ಕೈಕಟ್ಟಿಕೊಂಡು ಈಜಿದ ಹಾಗೆ.

ಹುಡುಗ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದವನು ಒಂದು ಮಾತು ಹೇಳಿದ. “ಮಾವ, ಎಫ್ ಹತ್ತು ಒತ್ತಿದ್ರೆ ಮೆನು ಬರ್ತದೆ. ಅಕ್ಷರದ ಕೀ ಒತ್ತಿದ್ರೆ ಮಾತ್ರ ಏನೂ ಇಲ್ಲ, ನೋಡು.”

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ನನಗದು ಒಗ್ಗುವುದಿಲ್ಲ. ಎಫ್10 ತಲುಪುವ ಜಾಗಕ್ಕೆ ಎಚ್ ತಲುಪುತ್ತಿಲ್ಲ ಎಂದರೆ ದಾರಿಯ ನಡುವೆ ಯಾರೋ ತಡೆದಿದ್ದಾರೆ ಎಂದಾಯಿತು. ಕೀ ಜೊತೆಗೇ ಹೆಜ್ಜೆ ಹಾಕಿ ನೋಡುವುದೊಂದೇ ಉಳಿದ ಉಪಾಯ.

ಮೊದಲ ಊರು ಕೀಲಿಮಣೆಯೇ. ನಾನು ಹಚ್ಚಿದ್ದು ಯುಎಸ್‌ಬಿ ಕೀಲಿಮಣೆ. ಒತ್ತಿದಾಗಲೆಲ್ಲ ಅದು ಎಂಟು ಬೈಟುಗಳ ಒಂದು ಚೀಟಿ ಬರೆದು ಕಳಿಸುತ್ತದೆ: ಮೊದಲ ಬೈಟು ಶಿಫ್ಟ್, ಕಂಟ್ರೋಲ್ ಮುಂತಾದವಕ್ಕೆ, ಎರಡನೆಯದು ಖಾಲಿ, ಉಳಿದ ಆರು ಬೈಟುಗಳಲ್ಲಿ ಆರು ಕೀಗಳಿಗೆ ಜಾಗ. ಏಳನೆಯ ಕೀಗೆ ಸೀಟಿಲ್ಲ. ಒಂದೇ ಸಲಕ್ಕೆ ಹತ್ತಾರು ಕೀ ಒತ್ತುವ ಆಟಗಾರರು ಜಾಸ್ತಿ ದುಡ್ಡು ಕೊಟ್ಟು ಬೇರೆ ನಮೂನೆಯ ಕೀಲಿಮಣೆ ಕೊಳ್ಳುವುದು ಇದಕ್ಕೇ ಎಂದು ಆಗ ಹೊಳೆಯಿತು. ಈ ಚೀಟಿಯಲ್ಲಿ ಎಚ್‌ನ ಹೆಸರು ‘ಎಚ್’ ಅಲ್ಲ, ಬರೀ 11.

ಮುಂದಿನ ಊರು ಕರ್ನಲ್, ಲಿನಕ್ಸಿನ ತಿರುಳು. ಇಲ್ಲಿ ನಿಂತು ನೋಡಲು ‘ಇವಿಟೆಸ್ಟ್’ ಎಂಬ ಪುಟ್ಟ ಸಾಧನವಿದೆ. ಸುಡೊ ಹಾಕಿ ನಡೆಸಬೇಕು, ಯಾಕೆಂದರೆ ಎಲ್ಲರ ಕೀ ಒತ್ತುವಿಕೆಯೂ ಇಲ್ಲಿ ಬೆತ್ತಲೆಯಾಗಿ ಕಾಣುತ್ತದೆ. ಎಚ್ ಒತ್ತಿದೆ. ಟರ್ಮಿನಲ್ಲಿನಲ್ಲಿ ‘ಕೋಡ್ 35, ವ್ಯಾಲ್ಯೂ 1’ ಎಂದು ಬಂತು. ಬೆರಳು ಎತ್ತಿದೆ, ವ್ಯಾಲ್ಯೂ 0. ಒತ್ತಿ ಹಿಡಿದರೆ 2, 2, 2 ಎಂದು ಸಾಲುಗಟ್ಟಿತು. ಕೀಲಿಮಣೆಯಲ್ಲಿ 11 ಆಗಿದ್ದದ್ದು ಇಲ್ಲಿ 35 ಆಗಿದ್ದು ಹೇಗೆ? 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ಹೊರತಂದಾಗ ಅದರ ಕೀಲಿಮಣೆಯಲ್ಲಿ ಎಚ್‌ಗೆ ಕೊಟ್ಟ ನಂಬರ್ 35. ಲಿನಕ್ಸ್ ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ, 1991ರಲ್ಲಿ, ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿಯ ಮೇಜಿನ ಮೇಲೆ. ಆ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್‌ನ ಎದುರಿಗಿದ್ದದ್ದೂ ಪಿಸಿಯೇ. ಹೀಗಾಗಿ ಹಳೆಯ ನಂಬರೇ ಹೊಸ ಮನೆಗೂ ಬಂತು. ಆ ಕೀಲಿಮಣೆಗಳೆಲ್ಲ ಗುಜರಿ ಸೇರಿ ಎಷ್ಟು ಕಾಲವಾಯಿತೋ, ಅವುಗಳ ನಂಬರ್ ಮಾತ್ರ ಶಿರಸಿಯ ಜಗಲಿಯಲ್ಲಿ ನನ್ನ ಎದುರು ಮಿನುಗುತ್ತಿತ್ತು.

ಮೂರನೆಯ ಊರು ಎಕ್ಸ್. ಪರದೆಯ ಮೇಲೆ ಕಿಟಕಿಗಳನ್ನು ಇಡುವ, ಯಾವ ಕಿಟಕಿಗೆ ಕೀ ಹೋಗಬೇಕೆಂದು ತೀರ್ಮಾನಿಸುವ ವ್ಯವಸ್ಥೆ. 1984ರಲ್ಲಿ ಎಂಐಟಿಯಲ್ಲಿ ಶುರುವಾಗಿ 1987ಕ್ಕೆ ಹನ್ನೊಂದನೆಯ ಆವೃತ್ತಿಗೆ ಬಂದು ಅಲ್ಲೇ ನಿಂತಿತು. ಈಗ ಅದರ ಜಾಗಕ್ಕೆ ವೇಲ್ಯಾಂಡ್ ಬಂದಿದ್ದರೂ ವೈನ್‌ನ ಹೆಚ್ಚಿನ ಆಟಗಳು ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯ ಮೇಲೆ ಇದೇ ಊರನ್ನು ಹಾದುಹೋಗುತ್ತವೆ. ಇಲ್ಲಿ ನೋಡುವ ಕನ್ನಡಿಯ ಹೆಸರು ‘ಎಕ್ಸ್‌ಇವಿ’. ಪುಟ್ಟ ಬಿಳಿ ಕಿಟಕಿ ತೆರೆದುಕೊಳ್ಳುತ್ತದೆ, ಅದರೊಳಗೆ ಏನು ಒತ್ತಿದರೂ ವರದಿ ಉದುರುತ್ತದೆ. ಎಚ್ ಇಲ್ಲಿ 43. ಎಕ್ಸ್‌ನ ನಿಯಮದಲ್ಲಿ 8ಕ್ಕಿಂತ ಕೆಳಗಿನ ಕೀ ನಂಬರ್ ಇಲ್ಲ, ಅದಕ್ಕೇ ಕರ್ನಲ್ ಕೊಟ್ಟ ಪ್ರತಿ ನಂಬರಿಗೂ ಎಂಟು ಕೂಡಿಸಿ ಒಳಗೆ ಬಿಡುತ್ತಾರೆ.

ನನ್ನ ಕಣ್ಣು ಹೋಗಿದ್ದು ವರದಿಯ ಕೊನೆಯ ಸಾಲಿಗೆ. ‘ಎಕ್ಸ್‌ಫಿಲ್ಟರ್‌ಇವೆಂಟ್ ರಿಟರ್ನ್ಸ್: ಟ್ರೂ.’ ಎಫ್10 ಒತ್ತಿ ನೋಡಿದೆ, ಅದೇ ಸಾಲಿನಲ್ಲಿ ‘ಫಾಲ್ಸ್’. ಮತ್ತೆ ಎಚ್, ಮತ್ತೆ ‘ಟ್ರೂ’. ಕಳ್ಳ ಸಿಕ್ಕಿದ. ‘ಟ್ರೂ’ ಎಂದರೆ ಈ ಕೀಯನ್ನು ಯಾರೋ ನಡುವೆ ಎತ್ತಿಕೊಂಡಿದ್ದಾರೆ, ಕಿಟಕಿಗೆ ಬಿಡುವುದಿಲ್ಲ ಎಂದರ್ಥ. ಎತ್ತಿಕೊಂಡವರು ಐಬಸ್, ಅಂದರೆ ನಾನು ಕನ್ನಡ ಬರೆಯಲು ಇಟ್ಟುಕೊಂಡ ಇನ್‌ಪುಟ್ ವ್ಯವಸ್ಥೆ. ಅದು ಇಟ್ರಾನ್ಸ್ ವಿನ್ಯಾಸದಲ್ಲಿತ್ತು. ಎಚ್ ಬಿದ್ದ ಕೂಡಲೇ ಹಕಾರವನ್ನು ಕೈಯಲ್ಲಿ ಹಿಡಿದು, ಮುಂದೆ ಬರುವ ಸ್ವರ ಯಾವುದು, ಹಾ ಆಗುವುದೋ ಹಿ ಆಗುವುದೋ ಎಂದು ತಾಳ್ಮೆಯಿಂದ ಕಾಯುತ್ತಿತ್ತು. ಅದರ ಮಟ್ಟಿಗೆ ಅದು ಮಾಡಿದ್ದೆಲ್ಲ ಸರಿಯೇ. ಫಂಕ್ಷನ್ ಕೀಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಹಾಗಾಗಿ ಎಫ್10ಅನ್ನು ಮುಟ್ಟದೆ ಬಿಟ್ಟಿತ್ತು. ಹುಡುಗನ ಒಂದು ಮಾತಿನಲ್ಲಿ ಇಡೀ ನಕ್ಷೆ ಇತ್ತು!

ಪರಿಹಾರ ಸರಳ. ಸೂಪರ್ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿಕೊಳ್ಳಬಹುದು. ನನಗೆ ಇಷ್ಟವಾದದ್ದು ಇನ್ನೊಂದು: ‘ಎಕ್ಸ್‌ಮಾಡಿಫೈಯರ್ಸ್’ ಎಂಬ ವೇರಿಯಬಲ್ಲಿಗೆ ‘@ಐಎಂ=ನನ್’ ಎಂದು ಬೆಲೆ ಕೊಟ್ಟು ಆಟವನ್ನು ಹೊರಡಿಸುವುದು. ಆಗ ಆ ಆಟ ಮಾತ್ರ ಇನ್‌ಪುಟ್ ವ್ಯವಸ್ಥೆಯ ತಂಟೆಗೆ ಹೋಗುವುದಿಲ್ಲ, ಪಕ್ಕದ ಕಿಟಕಿಯಲ್ಲಿ ಕನ್ನಡ ಬರೆಯುವುದು ನಿಲ್ಲುವುದೂ ಇಲ್ಲ. ವೈನ್‌ನ ರಿಜಿಸ್ಟ್ರಿಯಲ್ಲಿ ‘ಎಕ್ಸ್11 ಡ್ರೈವರ್’ ಕೆಳಗೆ ‘ಯೂಸ್‌ಎಕ್ಸ್‌ಐಎಂ’ ಎಂಬುದಕ್ಕೆ ‘ಎನ್’ ಎಂದು ಬರೆದರೂ ನಡೆಯುತ್ತದೆ.

ಕಳ್ಳ ಸಿಕ್ಕರೂ ಪ್ರವಾಸ ನಿಲ್ಲಿಸುವ ಮನಸ್ಸಾಗಲಿಲ್ಲ, ಯಾಕೆಂದರೆ ಮುಂದಿನ ಊರೇ ವೈನ್. 1993ರಲ್ಲಿ ಬಾಬ್ ಆಮ್‌ಸ್ಟಾಡ್ ಮತ್ತು ಎರಿಕ್ ಯಂಗ್‌ಡೇಲ್ ಅಡಿಪಾಯ ಹಾಕಿದರು. 1994ರಿಂದ ಇವತ್ತಿನವರೆಗೂ ಅಲೆಕ್ಸಾಂಡರ್ ಜೂಲಿಯಾರ್ ಅದರ ಯಜಮಾನಿಕೆ ಹೊತ್ತಿದ್ದಾರೆ. 1.0 ಆವೃತ್ತಿ ಬರಲು 2008ರ ಜೂನ್ ಆಗಬೇಕಾಯಿತು, ಹದಿನೈದು ವರ್ಷ! ವಿಂಡೋಸಿನ ಮೂಲಸಂಕೇತ ನೋಡುವಂತಿಲ್ಲ. ಹೊರಗೆ ನಿಂತು ಇಂಥ ಪ್ರಶ್ನೆಗೆ ವಿಂಡೋಸ್ ಎಂಥ ಉತ್ತರ ಕೊಡುತ್ತದೆ ಎಂದು ಪರೀಕ್ಷಿಸಿ, ಅದೇ ಉತ್ತರ ಬರುವಂತೆ ತಮ್ಮದೇ ಸಂಕೇತ ಬರೆಯಬೇಕು. ನೋಡದ ಮನೆಯನ್ನು ಕಿಟಕಿಯ ಬೆಳಕಿನಿಂದಲೇ ಅಂದಾಜು ಮಾಡಿ ಕಂಬ ಕಂಬವಾಗಿ ಕಟ್ಟಿದ್ದಾರೆ. ಆಟಕ್ಕೆ ತಾನು ಬೇರೆ ದೇಶದಲ್ಲಿದ್ದೇನೆ ಎಂಬ ಗುಮಾನಿಯೂ ಬರುವುದಿಲ್ಲ. 2018ರಲ್ಲಿ ವಾಲ್ವ್ ಕಂಪನಿ ಹೊರಬಿಟ್ಟ ‘ಪ್ರೋಟಾನ್’, ಅದರಿಂದಲೇ ಸಾಧ್ಯವಾದ ಸ್ಟೀಮ್ ಡೆಕ್, ಎಲ್ಲದರ ಬುಡದಲ್ಲೂ ಇದೇ ವೈನ್.

ವೈನ್‌ನ ಡೀಬಗ್ ಕಿಟಕಿ ತೆರೆದೆ. ‘ವೈನ್‌ಡೀಬಗ್’ ವೇರಿಯಬಲ್ಲಿಗೆ ‘+ಕೀ’ ಎಂದು ಕೊಟ್ಟರೆ ಸಾಕು. ಈಗ ಎಚ್ ಒತ್ತಿದರೆ ಸಾಲುಗಳು ಧಾರಾಳವಾಗಿ ಹರಿದವು. ಎಕ್ಸ್‌ನಿಂದ ಬಂದ 43 ಇಲ್ಲಿ ವಿಂಡೋಸಿನ 72 ಆಗುತ್ತದೆ. ಆದರೆ ವಿಂಡೋಸಿನ ಸಂದೇಶಕ್ಕೆ ಕೀ ನಂಬರ್ ಒಂದೇ ಸಾಲದು, ಜೊತೆಗೆ ಕೀಲಿಮಣೆಯ ಮೂಲ ಸ್ಕ್ಯಾನ್ ಕೋಡ್ ಕೂಡ ಬೇಕು. ವೈನ್ ಅದನ್ನೂ ತನ್ನ ಕೋಷ್ಟಕದಲ್ಲಿ ಹುಡುಕಿ ಪಕ್ಕಕ್ಕೆ ಅಂಟಿಸುತ್ತದೆ. ಎಚ್‌ನ ಸ್ಕ್ಯಾನ್ ಕೋಡ್ ಎಷ್ಟು? 35! ಹನ್ನೊಂದು, ಮೂವತ್ತೈದು, ನಲವತ್ತಮೂರು, ಎಪ್ಪತ್ತೆರಡು ಎಂದು ವೇಷ ಬದಲಿಸುತ್ತ ಬಂದ ಕೀ ಕೊನೆಯ ಬಾಗಿಲಲ್ಲಿ ಮತ್ತೆ 1981ರ ಚೀಟಿ ತೋರಿಸಿ ಒಳಗೆ ಹೋಯಿತು. ಪರದೆಯಲ್ಲಿ ನಕ್ಷೆ ಸರ್ರನೆ ಸರಿದು ನಮ್ಮ ಟೌನ್ ಸೆಂಟರ್ ಎದುರಿಗೆ ಬಂತು.

ಇದೇ ದಾರಿಯ ಅಕ್ಕಪಕ್ಕದ ಹೊಂಡಗಳನ್ನೂ ಹೇಳಿಬಿಡುತ್ತೇನೆ. ಆಲ್ಟ್-ಟ್ಯಾಬ್ ಮಾಡಿ ಹೊರಗೆ ಹೋಗಿ ಬಂದ ಮೇಲೆ ಕೀಲಿಮಣೆ ಮೌನವಾದರೆ ಫೋಕಸ್ ಮರಳಿ ಸಿಗಲಿಲ್ಲವೆಂದು ತಿಳಿಯಿರಿ; ರಿಜಿಸ್ಟ್ರಿಯ ಅದೇ ಜಾಗದಲ್ಲಿ ‘ಯೂಸ್‌ಟೇಕ್‌ಫೋಕಸ್’ಗೆ ‘ಎನ್’ ಕೊಟ್ಟರೆ ಬಹಳ ಸಲ ಸರಿಹೋಗುತ್ತದೆ. ಆಲ್ಟ್ ಸಿಕ್ಕಿಹಾಕಿಕೊಂಡಂತೆ ಆಟ ವರ್ತಿಸಿದರೆ, ನೀವು ಬೆರಳು ಎತ್ತಿದ ಸುದ್ದಿ ಡೆಸ್ಕ್‌ಟಾಪಿಗೆ ಹೋಯಿತೇ ಹೊರತು ಆಟಕ್ಕೆ ತಲುಪಲಿಲ್ಲ ಎಂದರ್ಥ. ಆಲ್ಟ್ ಅನ್ನು ಇನ್ನೊಮ್ಮೆ ಒತ್ತಿ ಬಿಡಿ, ಸಾಕು. ಯಾರೂ ಮುಟ್ಟದೆಯೇ ಪಾತ್ರ ಗಿರಗಿರ ತಿರುಗುತ್ತಿದ್ದರೆ ಭೂತ ಬಿಡಿಸುವವರನ್ನು ಕರೆಯಬೇಡಿ. ಕೆಲವು ಕೀಲಿಮಣೆ, ಮೌಸುಗಳು ತಾವು ಜಾಯ್‌ಸ್ಟಿಕ್ ಕೂಡ ಹೌದೆಂದು ಕರ್ನಲ್ಲಿಗೆ ಹೇಳಿಕೊಳ್ಳುತ್ತವೆ, ಆಟ ಅದನ್ನು ನಂಬಿಬಿಡುತ್ತದೆ.

ಇನ್ನು ಎರಡನೆಯ ಪ್ರವಾಸ. “ಮಾವ, ನಿನ್ನ ಆಟ ನನ್ನ ಲಿಸ್ಟಲ್ಲಿ ಕಾಣ್ತಾನೇ ಇಲ್ಲ!”

ಈ ಆಟದ ಮಲ್ಟಿಪ್ಲೇಯರ್ ಪರದೆಯೇ ಒಂದು ವಸ್ತುಸಂಗ್ರಹಾಲಯ. ಐಪಿಎಕ್ಸ್, ಮೋಡೆಮ್, ಸೀರಿಯಲ್ ಕೇಬಲ್ ಎಂದೆಲ್ಲ ಆಯ್ಕೆಗಳು ಇನ್ನೂ ತೂಗುಹಾಕಿಕೊಂಡಿವೆ. ನಮಗೆ ಬೇಕಿದ್ದದ್ದು ಟಿಸಿಪಿ/ಐಪಿ. ಕೆಳಗೆ ದುಡಿಯುವುದು ಮೈಕ್ರೋಸಾಫ್ಟಿನ ‘ಡೈರೆಕ್ಟ್‌ಪ್ಲೇ’ ಎಂಬ ಹಳೆಯ ವ್ಯವಸ್ಥೆ. ವೈನ್‌ನ ಸ್ವಂತ ಡೈರೆಕ್ಟ್‌ಪ್ಲೇ ಬಹುಕಾಲ ಅರೆಬರೆಯಾಗಿತ್ತು, ಹಾಗಾಗಿ ‘ವೈನ್‌ಟ್ರಿಕ್ಸ್’ ಎಂಬ ಸಾಧನದ ಮೂಲಕ ಮೂಲ ಡೈರೆಕ್ಟ್‌ಪ್ಲೇಯನ್ನೇ ಎರಡೂ ಕಡೆ ಮೊದಲೇ ಹಾಕಿಯಾಗಿತ್ತು. ಆದರೂ ಪಟ್ಟಿ ಖಾಲಿ.

ಜಾಲದಲ್ಲಿ ಹರಿಯುವ ಪ್ಯಾಕೆಟ್ಟುಗಳನ್ನು ತೋರಿಸುವ ವೈರ್‌ಶಾರ್ಕನ್ನು ನನ್ನ ಯಂತ್ರದಲ್ಲಿ ತೆರೆದು, ಅವನಿಗೆ ‘ಹುಡುಕು’ ಎಂದೆ. ಅವನು ಒತ್ತಿದ, ನನ್ನ ಪರದೆಯಲ್ಲಿ ಒಂದು ಪ್ಯಾಕೆಟ್ ಬಂದು ಬಿತ್ತು. ಯುಡಿಪಿ, 47624ನೆಯ ಪೋರ್ಟಿಗೆ, ಮನೆಯ ಜಾಲದಲ್ಲಿರುವ ಎಲ್ಲರನ್ನೂ ಉದ್ದೇಶಿಸಿ ಕೂಗಿದ ಬ್ರಾಡ್‌ಕಾಸ್ಟ್. ಅದರ ಹೊಟ್ಟೆಯ ಬೈಟುಗಳ ಮೇಲೆ ಕಣ್ಣಾಡಿಸಿದವನು ಹಾಗೇ ನಿಂತುಬಿಟ್ಟೆ. ನಂಬರುಗಳ ಕಾಡಿನ ನಡುವೆ ಬಲಗಡೆಯ ಅಕ್ಷರಗಳ ಅಂಕಣದಲ್ಲಿ ನಾಲ್ಕು ಅಕ್ಷರ ಸ್ಪಷ್ಟವಾಗಿ ಕೂತಿದ್ದವು: ಪಿ, ಎಲ್, ಎ, ವೈ. ಪ್ಲೇ! ಡೈರೆಕ್ಟ್‌ಪ್ಲೇಯ ಇಂಥ ಪ್ಯಾಕೆಟ್ಟುಗಳ ತಲೆಯ ಮೇಲೆ ಈ ಸಹಿ ಇರುತ್ತದಂತೆ. ಜಗಲಿಯ ಆ ತುದಿಯಲ್ಲಿ ಕೂತ ಹುಡುಗ “ಆಡೋಣ ಬಾ” ಎಂದದ್ದು ರೇಡಿಯೋ ಅಲೆಯಾಗಿ ಒಳಗಿನ ರೂಟರಿಗೆ ಹೋಗಿ, ಮತ್ತೆ ಹೊರಬಂದು, ನನ್ನ ಕಣ್ಣೆದುರು ಅದೇ ಅರ್ಥದಲ್ಲಿ ಬರೆದುಕೊಂಡಿತ್ತು. ಸಹಿಗೆ ಸ್ವಲ್ಪ ಮುಂಚೆ 08 ಎಫ್‌ಸಿ ಎಂಬ ಜೋಡಿ. ದಶಮಾನಕ್ಕೆ ಇಳಿಸಿದರೆ 2300. ಉತ್ತರ ಕೊಡುವವರು ತಟ್ಟಬೇಕಾದ ಬಾಗಿಲು ಅದು.

ಡೈರೆಕ್ಟ್‌ಪ್ಲೇಯ ಸ್ವಾರಸ್ಯ ಇರುವುದೇ ಇಲ್ಲಿ. ಹುಡುಕುವವನು ಯುಡಿಪಿಯಲ್ಲಿ ಒಮ್ಮೆ ಕೂಗಿ ಸುಮ್ಮನಾಗುತ್ತಾನೆ. ಆಟ ತೆರೆದಿಟ್ಟವನು ಅದೇ ದಾರಿಯಲ್ಲಿ ಮರುತ್ತರ ಕೊಡುವುದಿಲ್ಲ. ಹೊಸದಾಗಿ ಟಿಸಿಪಿ ಸಂಪರ್ಕ ಹಿಡಿದು, ಹುಡುಕಿದವನ 2300ರಿಂದ 2400ರೊಳಗಿನ ಪೋರ್ಟಿಗೆ ತಾನೇ ಹೋಗುತ್ತಾನೆ. ನಮ್ಮ ಮಿಸ್ಡ್ ಕಾಲ್ ಪದ್ಧತಿಯೇ ಸರಿ. ಹಾಗಾಗಿ ಫೈರ್‌ವಾಲ್ ಬಾಗಿಲು ಆಟ ನಡೆಸುವವನಲ್ಲಿ ತೆರೆದಿದ್ದರೆ ಸಾಲದು, ಸೇರಿಕೊಳ್ಳುವವನಲ್ಲೂ ತೆರೆದಿರಬೇಕು. ವೈರ್‌ಶಾರ್ಕಿನಲ್ಲಿ ನನ್ನ ಯಂತ್ರ ಅವನ 2300ಕ್ಕೆ ಮೊದಲ ಪ್ಯಾಕೆಟ್ ಕಳಿಸಿದ್ದು ಕಾಣುತ್ತಿತ್ತು. ಉತ್ತರವಿಲ್ಲ. ಒಂದು ಸೆಕೆಂಡು ಬಿಟ್ಟು ಮತ್ತೆ, ಎರಡು ಸೆಕೆಂಡು ಬಿಟ್ಟು ಮತ್ತೆ, ನಾಲ್ಕು ಬಿಟ್ಟು ಮತ್ತೆ. ಪಾಪ, ಬಿಡದೆ ಬಾಗಿಲು ಬಡಿಯುತ್ತಲೇ ಇತ್ತು.

ಅವನ ಲ್ಯಾಪ್‌ಟಾಪಿನಲ್ಲಿ ಯಾರೋ ‘ಯುಎಫ್‌ಡಬ್ಲ್ಯು’ ಫೈರ್‌ವಾಲ್ ಚಾಲೂ ಮಾಡಿಟ್ಟಿದ್ದರು. ಹೊರಗಿನಿಂದ ಬರುವುದನ್ನೆಲ್ಲ ತಡೆಯುವುದು ಅದರ ಮೂಲಗುಣ. ಮನೆಯ ಜಾಲಕ್ಕಷ್ಟೇ ಅನ್ವಯಿಸುವಂತೆ 47624 ಮತ್ತು 2300ರಿಂದ 2400ರವರೆಗೆ ಟಿಸಿಪಿ, ಯುಡಿಪಿ ಎರಡನ್ನೂ ಬಿಡಿಸಿದೆ. ಅವನ ಪಟ್ಟಿಯಲ್ಲಿ ನನ್ನ ಹೆಸರು ಮೂಡಿತು. ಆಮೇಲೆ ಸಂಜೆಯವರೆಗೆ ಅವನ ಕುದುರೆಸವಾರರು ನನ್ನ ಹೊಲ ತುಳಿದದ್ದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಮನೆಯ ಜಾಲದಲ್ಲಿ ಆಡುವವರು ನೋಡಬೇಕಾದ ಇನ್ನೆರಡು ಜಾಗಗಳಿವೆ. ಡೆಬಿಯನ್, ಉಬುಂಟು ಯಂತ್ರಗಳ ‘ಹೋಸ್ಟ್ಸ್’ ಫೈಲಿನಲ್ಲಿ ನಿಮ್ಮ ಯಂತ್ರದ ಹೆಸರಿನ ಎದುರು 127.0.1.1 ಎಂದಿರುತ್ತದೆ. ಅದು ತನಗೆ ತಾನೇ ಮಾತಾಡಿಕೊಳ್ಳುವ ವಿಳಾಸ. ಆಟವೊಂದು ಅದನ್ನೇ ತನ್ನ ವಿಳಾಸವೆಂದು ಊರಿಗೆಲ್ಲ ಸಾರಿದರೆ ಯಾರೂ ಬಂದು ತಲುಪಲಾರರು. ಎರಡನೆಯದು, ವಿಪಿಎನ್ ಚಾಲೂ ಇದ್ದರೆ ನಿಮ್ಮ ಕೂಗು ಪಕ್ಕದ ಕೋಣೆಗೆ ಹೋಗುವ ಬದಲು ಸುರಂಗದಲ್ಲಿ ಸಾಗರದಾಚೆ ಹೊರಟುಬಿಡಬಹುದು. ಆಡುವಾಗ ಅದನ್ನು ಆರಿಸಿ.

ಅಂತರ್ಜಾಲದ ಆಟಗಳಿಗೆ ಬಂದರೆ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ‘10061’ ಎಂಬ ದೋಷಸಂಖ್ಯೆಯನ್ನು ಆಟಗಳ ಪೆಟ್ಟಿಗೆಯಲ್ಲಿ ಬಹಳ ಮಂದಿ ನೋಡಿರುತ್ತಾರೆ: ಸಂಪರ್ಕ ನಿರಾಕರಿಸಲಾಗಿದೆ. ಲಿನಕ್ಸಿನಲ್ಲಿ ಇದೇ ದೋಷಕ್ಕೆ 111. ವೈನ್ ಬಾಗಿಲಲ್ಲೇ ನಿಂತು 111ನ್ನು 10061 ಮಾಡಿ ಆಟಕ್ಕೆ ದಾಟಿಸುತ್ತದೆ. ಆದರೆ 10061 ಹುಟ್ಟಿದ್ದೆಲ್ಲಿ? ವಿಂಡೋಸಿನ ಜಾಲವ್ಯವಸ್ಥೆ ‘ವಿನ್‌ಸಾಕ್’ ರೂಪುಗೊಂಡಿದ್ದು ಬರ್ಕ್‌ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಮಾದರಿಯಲ್ಲಿ, 1983ರ 4.2ಬಿಎಸ್‌ಡಿಯ ಸಾಕೆಟ್ಟುಗಳನ್ನು ನೋಡಿಕೊಂಡು. ಅಲ್ಲಿ ‘ಸಂಪರ್ಕ ನಿರಾಕರಣೆ’ಯ ಸಂಖ್ಯೆ 61. ವಿನ್‌ಸಾಕ್ ಅದಕ್ಕೆ ಹತ್ತು ಸಾವಿರ ಕೂಡಿಸಿಕೊಂಡಿತು, ಅಷ್ಟೇ. ಅಂದರೆ ಯುನಿಕ್ಸಿನಿಂದ ವಿಂಡೋಸಿಗೆ ವಲಸೆ ಹೋದದ್ದನ್ನು ವೈನ್ ಮತ್ತೆ ಯುನಿಕ್ಸಿನ ಕುಲದ ಲಿನಕ್ಸಿಗೆ ಕರೆತರುತ್ತಿದೆ. ವಿನ್‌ಸಾಕ್ 1.1 ಹೊರಬಂದದ್ದೂ ವೈನ್ ಶುರುವಾದದ್ದೂ ಒಂದೇ ವರ್ಷ, 1993. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ತಡವಾಗಿ ಬಂತು.

ಲಾಗಿನ್ ಪುಟದಲ್ಲೇ ಆಟ ನಿಂತರೆ ಟರ್ಮಿನಲ್ಲಿನಲ್ಲಿ ‘ಲಿಬ್‌ಗ್ನುಟಿಎಲ್‌ಎಸ್’ ತೆರೆಯಲಾಗಲಿಲ್ಲ ಎಂಬ ಸಾಲು ಇದೆಯೇ ನೋಡಿ. ಗೂಢಲಿಪಿಯ ಸಂಪರ್ಕಕ್ಕೆ ವೈನ್ ನಂಬಿರುವುದು ಈ ಲೈಬ್ರರಿಯನ್ನು. ಆಟ 32 ಬಿಟ್ಟಿನದಾಗಿ, ಲೈಬ್ರರಿ 64 ಬಿಟ್ಟಿನದು ಮಾತ್ರ ಇದ್ದರೆ ಎಷ್ಟು ಸಲ ಪಾಸ್‌ವರ್ಡ್ ಹೊಡೆದರೂ ಅಷ್ಟೇ. 32 ಬಿಟ್ಟಿನ ಪ್ಯಾಕೇಜ್ ಹಾಕಿದರೆ ಮುಗಿಯಿತು. ಸರ್ವರ್ ಪಟ್ಟಿಯಲ್ಲಿ ಪಿಂಗ್ ಅಂಕಣ ಖಾಲಿಯಾಗಿದ್ದರೆ, ಸಾಮಾನ್ಯ ಬಳಕೆದಾರನಿಗೆ ಐಸಿಎಂಪಿ ಪ್ಯಾಕೆಟ್ ಕಳಿಸಲು ಕರ್ನಲ್ ಅನುಮತಿ ಕೊಟ್ಟಿಲ್ಲವೆಂದು ಊಹಿಸಬಹುದು.

ಇವೆಲ್ಲ ದಾಟಬಹುದಾದ ಹೊಳೆಗಳು. ದಾಟಲಾಗದ ಗೋಡೆ ಒಂದಿದೆ, ಅದು ನೆಟ್‌ವರ್ಕ್ ದೋಷದ ವೇಷದಲ್ಲೇ ಬರುವುದುಂಟು: ಮೋಸ ತಡೆಯುವ ತಂತ್ರಾಂಶ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಲ್ಲಿ ಪ್ರೋಟಾನಿಗೆ ದಾರಿ ಬಿಟ್ಟವು, ಆದರೆ ಒಪ್ಪುವುದು ಬಿಡುವುದು ಆಯಾ ಆಟದವರ ಕೈಯಲ್ಲಿದೆ. ಅಪೆಕ್ಸ್ ಲೆಜೆಂಡ್ಸ್ ಆಟ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸಿಗೆ ಬಾಗಿಲು ಮುಚ್ಚಿತು. ವ್ಯಾಲರಂಟ್ ಆಟದ ಕಾವಲುಗಾರ ವ್ಯಾನ್‌ಗಾರ್ಡ್ ಕೂರುವುದು ವಿಂಡೋಸಿನ ಕರ್ನಲ್ಲಿನೊಳಗೇ, ಅಂಥ ಕರ್ನಲ್ ವೈನ್‌ನಲ್ಲಿ ಇಲ್ಲವೇ ಇಲ್ಲ. ಅಂಥ ಕಡೆ ಪೋರ್ಟು, ರಿಜಿಸ್ಟ್ರಿ ಎಂದು ಹೆಣಗಬೇಡಿ, ಸಮಯ ದಂಡ.

ಉಳಿದ ಕಡೆ ಮಾತ್ರ ಅಳಿಸಿ ಹಾಕುವ ಮುನ್ನ ಎಕ್ಸ್‌ಇವಿ ಒಮ್ಮೆ ನಡೆಸಿ, ವೈರ್‌ಶಾರ್ಕ್ ಒಮ್ಮೆ ತೆರೆಯಿರಿ. ಎಲ್ಲಿ ನಿಂತಿತೆಂದು ಕಂಡರೆ ಲಾಗ್ ಸಮೇತ ವೈನ್‌ನ ದೋಷಗಳನ್ನು ದಾಖಲಿಸುವ ಬಗ್‌ಜಿಲ್ಲಾಕ್ಕೆ ಬರೆದು ಹಾಕಿ. ವೈನ್ ಕಟ್ಟುತ್ತಿರುವವರಲ್ಲಿ ಹೆಚ್ಚಿನವರು ದಿನವಿಡೀ ಕನ್ನಡ ಇನ್‌ಪುಟ್ ಇಟ್ಟುಕೊಂಡು ಕೂರುವವರಲ್ಲ. ಹಕಾರ ಎಲ್ಲಿ ಕಾಯುತ್ತ ನಿಂತಿದೆ ಎಂಬುದನ್ನು ಅವರಿಗೆ ನಾವೇ ಹೇಳಬೇಕು.